ಟೀನಾ ಬಾರ್ ಮರಳು, ಡಿ.ಬಿ. ಕೂಪರ್ ನೋಟು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನದಿಂದ ಹಾರಿ ಮಾಯವಾದ ಡಿ.ಬಿ. ಕೂಪರ್ ಕಥೆ ಬಹಳ ಜನರಿಗೆ ಗೊತ್ತು. ಅವನು ಯಾರು ಅನ್ನುವ ಬಗ್ಗೆ ಊರಿಗೊಂದು ಥಿಯರಿ ಇದೆ. ಈ ಪುಟ ಅದರ ಬಗ್ಗೆ ಅಲ್ಲ. ಅವನ ಹಣದಲ್ಲಿ ಒಂದು ಪಾಲು ಸಿಕ್ಕಿದ ನದಿ ದಂಡೆಯ ಮರಳಿನ ಬಗ್ಗೆ. ನಾಲ್ಕು ದಶಕ ಕಳೆದರೂ ಆ ಮರಳು ಏನು ಹೇಳುತ್ತಿದೆ ಅನ್ನುವುದರಲ್ಲಿ ಒಮ್ಮತ ಇಲ್ಲ.

ಕೇಸ್ ಏನು ಅಂತ ಮೊದಲು ಚುಟುಕಾಗಿ ಹೇಳಿ.

1971ರ ನವೆಂಬರ್ 24. ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟ ನಾರ್ತ್‌ವೆಸ್ಟ್ ಓರಿಯೆಂಟ್ ಕಂಪನಿಯ 305ನೇ ವಿಮಾನ. 'ಡ್ಯಾನ್ ಕೂಪರ್' ಹೆಸರಲ್ಲಿ ಟಿಕೆಟ್ ತಗೊಂಡಿದ್ದ ಒಬ್ಬ, ಬ್ಯಾಗಿನಲ್ಲಿ ಬಾಂಬ್ ಇದೆ ಅಂದ. ಎರಡು ಲಕ್ಷ ಡಾಲರ್ ಮತ್ತು ನಾಲ್ಕು ಪ್ಯಾರಾಚೂಟ್ ಕೇಳಿದ. ಸಿಯಾಟಲ್‌ನಲ್ಲಿ ಹಣ ಕೈಗೆ ಬಂದ ಮೇಲೆ 36 ಪ್ರಯಾಣಿಕರನ್ನು ಬಿಟ್ಟ. ಮೆಕ್ಸಿಕೋ ಕಡೆಗೆ ನಡೆಸಿ ಅಂತ ವಿಮಾನವನ್ನು ಮತ್ತೆ ಏರಿಸಿದ. ಅದು ಬೋಯಿಂಗ್ 727. ಬಾಲದ ಕೆಳಗೆ ಮೆಟ್ಟಿಲು ಇರುವ ಮಾದರಿ. ರಾತ್ರಿ ಎಂಟರ ಸುಮಾರಿಗೆ ಆ ಮೆಟ್ಟಿಲು ತೆರೆಯಿತು. ಎಣ್ಣೆ ತುಂಬಿಸಿಕೊಳ್ಳಲು ವಿಮಾನ ರೀನೋದಲ್ಲಿ ಇಳಿದಾಗ ಕೂಪರ್ ಒಳಗೆ ಇರಲಿಲ್ಲ. 'ಡಿ.ಬಿ.' ಅನ್ನುವುದು ಆಗಿನ ಪತ್ರಿಕೆಯವರ ಗಡಿಬಿಡಿಯಲ್ಲಿ ಅಂಟಿಕೊಂಡ ಹೆಸರು, ಅವನು ಕೊಟ್ಟಿದ್ದಲ್ಲ.

ಹಣ ಸಿಕ್ಕಿದ್ದು ಯಾವಾಗ, ಹೇಗೆ?

ಎಂಟು ವರ್ಷ ಕಳೆದ ಮೇಲೆ, 1980ರ ಫೆಬ್ರವರಿ 10ರಂದು. ಕೊಲಂಬಿಯಾ ನದಿಯ ಟೀನಾ ಬಾರ್ ಎಂಬ ದಡಕ್ಕೆ ಒಂದು ಕುಟುಂಬ ಬಂದಿತ್ತು. ಒಲೆ ಹೂಡಲು ಎಂಟು ವರ್ಷದ ಹುಡುಗ ಕೈಯಿಂದ ಮರಳು ಸರಿಸಿ ಸಮ ಮಾಡುತ್ತಿದ್ದ. ಮೇಲಿನ ಮರಳಿನಿಂದ ಕೆಲವೇ ಅಂಗುಲ ಕೆಳಗೆ ಮೂರು ಕಟ್ಟು ನೋಟು ಸಿಕ್ಕಿತು. ಎಲ್ಲ 20 ಡಾಲರ್ ನೋಟು, ಒಟ್ಟು 5,800 ಡಾಲರ್. ಅಂಚು ಸವೆದು ಗುಂಡಗಾಗಿದ್ದವು, ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತ ರಬ್ಬರ್ ಬ್ಯಾಂಡ್ ಇನ್ನೂ ಇತ್ತು, ಮುಟ್ಟಿದರೆ ಪುಡಿಪುಡಿ.

ಈ ರಬ್ಬರ್ ಬ್ಯಾಂಡ್ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

'ಟೀನಾ ಬಾರ್' ಅಂದರೆ ಬಾರ್ ಅಂಡ್ ರೆಸ್ಟೋರೆಂಟಾ?

ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ, ನಗಬೇಡಿ. ಅಲ್ಲ. ನದಿ ತಂದು ಗುಡ್ಡೆ ಹಾಕಿದ ಮರಳ ದಿಣ್ಣೆಗೆ ಅಲ್ಲಿಯವರು 'ಬಾರ್' ಅನ್ನುತ್ತಾರೆ. ಇದು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಊರಿನಿಂದ ನದಿ ಹರಿಯುವ ಕಡೆಗೆ ಸುಮಾರು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿದೆ. ಕೆನಡಾದ ವ್ಯಾಂಕೂವರ್ ಬೇರೆ. ಹೆಸರಿನ ಕಾಗುಣಿತದಲ್ಲೂ ಜಗಳ ಇದೆ. ಕೆಲವರು ಟೀನಾ ಅಂತ, ಕೆಲವರು ಟೆನಾ ಅಂತ ಬರೆಯುತ್ತಾರೆ.

ಇನ್ನೊಂದು ವಿಷಯ. ಸಮುದ್ರ ಅಲ್ಲಿಂದ ಬಹಳ ದೂರ. ಆದರೂ ಸಮುದ್ರದ ಉಬ್ಬರ ಇಳಿತ ಅಲ್ಲಿ ನೀರನ್ನು ಏರಿಸಿ ಇಳಿಸುತ್ತದೆ. ಅದು ಇನ್ನೂ ಮೇಲಕ್ಕೆ, ಬಾನೆವಿಲ್ ಅಣೆಕಟ್ಟಿನ ತನಕ ಹೋಗುತ್ತದೆ. ಜೊತೆಗೆ ಹಡಗು ಹೋದಾಗಲೆಲ್ಲ ಅಲೆ ದಡಕ್ಕೆ ಬಡಿಯುತ್ತದೆ. ಬೆಟ್ಟದ ಹಿಮ ಕರಗಿ ಮೇ, ಜೂನ್‌ನಲ್ಲಿ ನದಿ ತುಂಬುತ್ತದೆ. ಅಂದರೆ ಅಲ್ಲಿನ ಮೇಲ್ಮರಳು ಒಂದು ಕಡೆ ಕೂತಿರುವುದೇ ಇಲ್ಲ.

ಅದು ಕೂಪರ್‌ನ ಹಣವೇ ಅಂತ ಹೇಗೆ ಖಾತ್ರಿ?

ಇದರಲ್ಲಿ ತಕರಾರಿಲ್ಲ. ಹಣ ಕೊಡುವ ಮುಂಚೆಯೇ ಹತ್ತು ಸಾವಿರ ನೋಟುಗಳ ನಂಬರ್ ದಾಖಲಾಗಿತ್ತು. ಸಿಕ್ಕ ನೋಟುಗಳ ನಂಬರ್ ಅದಕ್ಕೆ ಹೊಂದಿತು. ಎರಡು ಕಟ್ಟಿನಲ್ಲಿ ನೂರು ನೂರು, ಮೂರನೆಯದರಲ್ಲಿ ತೊಂಬತ್ತು. ಕೂಪರ್ ಕೈಗೆ ಕೊಟ್ಟಾಗ ಯಾವ ಕ್ರಮದಲ್ಲಿ ಜೋಡಿಸಿದ್ದರೋ ಅದೇ ಕ್ರಮದಲ್ಲಿದ್ದವು. ಉಳಿದ 9,710 ನೋಟು ಇವತ್ತಿಗೂ ಎಲ್ಲೂ ಚಲಾವಣೆಯಲ್ಲಿ ಕಂಡಿಲ್ಲ.

ಮರಳನ್ನು ಪರೀಕ್ಷಿಸಿದವರು ಯಾರು? ಏನು ಹೇಳಿದರು?

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರು ಸುದ್ದಿ ಬಂದ ಕೂಡಲೇ ಸಲಿಕೆ, ಹಾರೆ, ಅಗೆಯುವ ಯಂತ್ರ ಎಲ್ಲ ತಂದು ದಡ ಕೆದಕಿದರು. ನೋಟಿನ ಚೂರುಗಳು ಇನ್ನಷ್ಟು ಸಿಕ್ಕವು. ಆಮೇಲೆ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯ ಭೂವಿಜ್ಞಾನಿ ಲಿಯೊನಾರ್ಡ್ ಪಾಮರ್ ಅವರನ್ನು ಕರೆಸಿದರು. ಅವರು ಗುಂಡಿ ತೋಡಿಸಿ ಅದರ ಗೋಡೆಯಲ್ಲಿ ಮರಳಿನ ಪದರಗಳನ್ನು ಓದಿದರು.

ಓದುವುದು ಅಂದರೆ ಹೀಗೆ. ನದಿ ದಂಡೆಯಲ್ಲಿ ಹೊಸ ಮರಳು ಹಳೆಯದರ ಮೇಲೆ ಕೂರುತ್ತದೆ. ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ಇಸವಿ ಗೊತ್ತಿರುವ ಒಂದೇ ಒಂದು ಪದರ ನಡುವೆ ಸಿಕ್ಕರೆ ಸಾಕು. ಅದರ ಮೇಲೆ ಇರುವ ವಸ್ತು ಆ ಇಸವಿಯ ನಂತರ ಬಂದಿದ್ದು, ಕೆಳಗಿರುವುದು ಮುಂಚೆ ಬಂದಿದ್ದು.

ಪಾಮರ್ ಅವರಿಗೆ ಅಂಥ ಗುರುತು ಸಿಕ್ಕಿತು ಅನಿಸಿತು. 1974ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಹಡಗಿನ ದಾರಿ ಆಳ ಮಾಡಲು ನದಿ ತಳದ ಹೂಳೆತ್ತಿ ಟೀನಾ ಬಾರ್ ಮೇಲೆ ಸುರಿದಿದ್ದರು. ಗುಂಡಿಯ ಗೋಡೆಯ ಒಂದು ಪದರದಲ್ಲಿ ಜೇಡಿಮಣ್ಣಿನ ಉಂಡೆಗಳು ಕಂಡವು. ನದಿ ತಳದ ಗಟ್ಟಿ ಜೇಡಿಯನ್ನು ಹೂಳೆತ್ತುವ ಯಂತ್ರ ಕೊಚ್ಚಿ ಪೈಪಿನಲ್ಲಿ ಉರುಳಿಸಿದಾಗ ಇಂಥ ಉಂಡೆಗಳಾಗುತ್ತವೆ. ಹಾಗಾಗಿ ಅದು 1974ರ ಪದರ ಅಂದರು. ನೋಟು ಸಿಕ್ಕಿದ್ದು ಅದರ ಮೇಲಿನ ಮರಳಿನಲ್ಲಿ. ಅಲ್ಲಿಗೆ ತೀರ್ಮಾನ: ಹಣ ಟೀನಾ ಬಾರ್‌ಗೆ ಬಂದಿದ್ದು 1974ರ ನಂತರ.

ಕೇಳಲು ಎಷ್ಟು ಸಲೀಸಾಗಿದೆ ನೋಡಿ. ಎಷ್ಟೋ ವರ್ಷ ಎಲ್ಲರೂ ಇದನ್ನೇ ನಂಬಿದರು.

ಹಾಗಾದರೆ ತಕರಾರು ಎಲ್ಲಿ ಬಂತು?

ಜೇಡಿಯ ಉಂಡೆಯಲ್ಲೇ ಬಂತು.

ಒಂದು ಮಾತು ಯೋಚಿಸಿ. ಯಂತ್ರ ಎತ್ತಿ ಹಾಕಿದ ಮರಳೂ ಅದೇ ನದಿಯದು, ನದಿ ತಾನೇ ತಂದು ಹಾಕಿದ ಮರಳೂ ಅದೇ ನದಿಯದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಲ್ಲ ಭಾರವೂ ಆ ಉಂಡೆಗಳ ಮೇಲೆ ಬಿತ್ತು. ಆದರೆ ಜೇಡಿ ಉಂಡೆಯಾಗಲು ಯಂತ್ರವೇ ಬೇಕು ಅಂತೇನಿಲ್ಲ. ಪ್ರವಾಹದಲ್ಲಿ ದಡ ಕುಸಿದಾಗ ಜೇಡಿಯ ಹೆಂಟೆಗಳು ನೀರಿಗೆ ಬೀಳುತ್ತವೆ, ಉರುಳುತ್ತ ಉರುಳುತ್ತ ಗುಂಡಗಾಗುತ್ತವೆ, ಮರಳಿನ ನಡುವೆ ಸಿಕ್ಕಿಕೊಳ್ಳುತ್ತವೆ. ಮುದ್ದೆಯಲ್ಲಿ ಗಂಟು ಉಳಿದಿದೆ ಅಂದರೆ ತಿರುವಿದ್ದು ಯಾರು ಅಂತ ಗಂಟು ಹೇಳುತ್ತಾ? ಹೇಳಲ್ಲ.

ಮುಂದೆ ಎಫ್‌ಬಿಐ ಒಪ್ಪಿಗೆ ಪಡೆದು ಟಾಮ್ ಕೇಯ್ ಎಂಬ ವಿಜ್ಞಾನಿ ತಮ್ಮ ತಂಡ ಕಟ್ಟಿಕೊಂಡು ಸಾಕ್ಷ್ಯಗಳನ್ನು ಮತ್ತೆ ನೋಡಿದರು. ಅವರ ತಂಡ ಹಳೆಯ ವಾಯುಚಿತ್ರಗಳನ್ನು ಹರಡಿಕೊಂಡು ಕೂತಿತು. ಅವರು ಎತ್ತಿದ ಪ್ರಶ್ನೆ ಸರಳ: 1974ರಲ್ಲಿ ಹೂಳು ಸುರಿದ ಜಾಗ ಮತ್ತು ನೋಟು ಸಿಕ್ಕ ಜಾಗ ಒಂದೇನಾ? ಹೂಳು ಬಿದ್ದಿದ್ದು ಸ್ವಲ್ಪ ಆಚೆ ಆಗಿದ್ದರೆ ನೋಟಿನ ಕೆಳಗಿದ್ದ ಉಂಡೆಗಳು ನದಿಯದ್ದೇ ಆಗಿರಬಹುದು. ಆಗ 1974 ಅನ್ನುವ ಗೆರೆಯೇ ಅಳಿಸಿಹೋಗುತ್ತದೆ. ಹಣ ಅದಕ್ಕೂ ಮುಂಚೆ ಬಂದಿರಬಹುದು.

ಇದಕ್ಕೆ ಉಲ್ಟಾ ಮಾತೂ ಇದೆ. ಪಾಮರ್ ಗುಂಡಿಯೊಳಗೆ ಇಳಿದು ಕಣ್ಣಾರೆ ನೋಡಿದವರು. ಉಳಿದವರು ದಶಕಗಳ ನಂತರ ಫೋಟೋ ನೋಡಿದವರು. ಕೊಲಂಬಿಯಾ ನದಿಯ ಮಣ್ಣನ್ನು ಬಲ್ಲವರ ಕಣ್ಣಿನ ಓದನ್ನು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಸುರಿದ ಹೂಳನ್ನು ಬುಲ್ಡೋಜರ್ ಹರಡಿರುತ್ತದೆ, ಆಮೇಲೆ ನದಿಯೂ ಎಳೆದಾಡಿರುತ್ತದೆ. ಫೋಟೋದಲ್ಲಿ ಕಾಣುವ ಅಂಚೇ ಅದರ ಕೊನೆ ಅಂತ ಹೇಗೆ ಹೇಳುವುದು?

ಮೂರನೆಯದು ನೋಟಿನ ಚೂರುಗಳ ಆಳ. ಅಗೆತದಲ್ಲಿ ಭಾಗವಹಿಸಿದ ಕೆಲವರು, ಚೂರುಗಳು ಮೂರು ಅಡಿಯಷ್ಟು ಕೆಳಗೂ ಸಿಕ್ಕವು ಅಂತ ಆಮೇಲೆ ನೆನಪಿಸಿಕೊಂಡಿದ್ದಾರೆ. ಅದು ನಿಜವಾದರೆ 'ನೋಟು ಮೇಲಿನ ಪದರದಲ್ಲಿ ಮಾತ್ರ ಇತ್ತು' ಅನ್ನುವ ಮಾತು ನಿಲ್ಲುವುದಿಲ್ಲ. ಆದರೆ ಯಂತ್ರ ಹಾಕಿ ಅಗೆಯುವಾಗ ಮೇಲಿನ ಮರಳು ಗುಂಡಿಗೆ ಜಾರಿ ಬೀಳುವುದು ಸಾಮಾನ್ಯ. ಬಾವಿ ತೋಡಿದವರನ್ನು ಕೇಳಿ. ಒದ್ದೆ ಮರಳಿನ ಗೋಡೆ ನಿಲ್ಲುವುದೇ ಕಷ್ಟ. ಮೇಲಿದ್ದ ಚೂರು ಕೆಳಗೆ ಹೋಗಿ ಕೂತಿರಬಹುದು.

ರಬ್ಬರ್ ಬ್ಯಾಂಡ್ ಏನು ಹೇಳುತ್ತದೆ?

ಮನೆಯಲ್ಲಿ ಹಳೇ ಕರೆಂಟ್ ಬಿಲ್ಲುಗಳಿಗೆ ಹಾಕಿಟ್ಟ ರಬ್ಬರ್ ಬ್ಯಾಂಡ್ ನೋಡಿದ್ದೀರಲ್ಲ. ಎರಡು ಮೂರು ವರ್ಷಕ್ಕೆ ಒಣಗಿ ಕಾಗದಕ್ಕೆ ಅಂಟಿಕೊಂಡು ತುಂಡಾಗಿರುತ್ತದೆ. ಅದೂ ಬೀರುವಿನ ಒಳಗೆ. ಬಿಸಿಲು, ಗಾಳಿ, ನೀರಿಗೆ ಬಿಟ್ಟರೆ ಇನ್ನೂ ಬೇಗ. ಕೇಯ್ ಅವರ ತಂಡ ಬ್ಯಾಂಡುಗಳನ್ನು ಹೊರಗಿಟ್ಟು ನೋಡಿತು. ಹೊರಗೆ ಅವು ಹೆಚ್ಚು ಕಾಲ ತಡೆಯಲಿಲ್ಲ.

ಇದರ ಅರ್ಥ ದೊಡ್ಡದು. ಹಣ ವರ್ಷಗಟ್ಟಲೆ ಕಾಡಿನಲ್ಲಿ ಬಿದ್ದಿದ್ದು, ಆಮೇಲೆ ಹೊಳೆಗೆ ಇಳಿದು, ಉರುಳಿಕೊಂಡು ಟೀನಾ ಬಾರ್ ತಲುಪಿದ್ದರೆ ಬ್ಯಾಂಡ್ ದಾರಿಯಲ್ಲೇ ಹರಿದು ನೋಟು ಚೆಲ್ಲಾಪಿಲ್ಲಿ ಆಗಬೇಕಿತ್ತು. ಹಾಗಾಗಿಲ್ಲ. ಬ್ಯಾಂಡ್ ಗಟ್ಟಿ ಇರುವಾಗಲೇ, ಅಂದರೆ ಬೇಗನೆ, ಕಟ್ಟುಗಳು ಮರಳಿನೊಳಗೆ ಸೇರಿರಬೇಕು. ಮರಳಿನ ಕೆಳಗೆ ಬಿಸಿಲಿಲ್ಲ, ಗಾಳಿ ಕಡಿಮೆ, ಯಾರೂ ಎಳೆದಾಡಲ್ಲ. ಅಲ್ಲಿ ಬ್ಯಾಂಡ್ ಸತ್ತರೂ ಆಕಾರ ಉಳಿಯುತ್ತದೆ. ಮುಟ್ಟಿದಾಗ ಪುಡಿಯಾಗಿದ್ದು ಅದಕ್ಕೇ ಇರಬಹುದು.

ನೋಡಿ ಈಗ. ಮರಳಿನ ಗಡಿಯಾರ '1974ರ ನಂತರ' ಅನ್ನುತ್ತದೆ. ರಬ್ಬರಿನ ಗಡಿಯಾರ '1971 ಆದ ಸ್ವಲ್ಪಕ್ಕೇ' ಅನ್ನುತ್ತದೆ. ಎರಡನ್ನೂ ಒಪ್ಪಬೇಕಾದರೆ ಮೂರು ವರ್ಷ ಹಣ ಎಲ್ಲೋ ತಣ್ಣಗೆ, ಭದ್ರವಾಗಿ ಇತ್ತು ಅನ್ನಬೇಕಾಗುತ್ತದೆ.

ಹೂಳೆತ್ತುವ ಯಂತ್ರದ ಪೈಪಿನಲ್ಲೇ ಹಣ ಬಂದಿರಬಾರದೇಕೆ?

ಬಂದಿದ್ದರೆ ಕಟ್ಟು ಕಟ್ಟಾಗಿ ಬರುತ್ತಿರಲಿಲ್ಲ. ಗಟ್ಟಿ ಜೇಡಿಯನ್ನೇ ಕೊಚ್ಚುವ ಯಂತ್ರ ಅದು. ಕಾಗದ ಬಿಡುತ್ತದೆಯೇ? ಮೂರು ಕಟ್ಟು ಪೈಪಿನಿಂದ ಹೊರಬಂದು ಒಟ್ಟಿಗೇ ಬಿದ್ದವು ಅನ್ನುವುದನ್ನು ನಂಬಲು ನನಗಂತೂ ಆಗಲ್ಲ.

2020ರಲ್ಲಿ ಬಂದ ಡಯಾಟಮ್ ಅಧ್ಯಯನ ಏನು?

ಡಯಾಟಮ್ ಅಂದರೆ ನೀರಿನಲ್ಲಿರುವ ಒಂದೇ ಕೋಶದ ಪಾಚಿ. ಬರಿಗಣ್ಣಿಗೆ ಕಾಣದು. ಅದರ ಚಿಪ್ಪು ಗಾಜಿನಂಥ ಸಿಲಿಕಾದ್ದು. ಜೀವ ಹೋದರೂ ಚಿಪ್ಪು ಕೊಳೆಯುವುದಿಲ್ಲ. ಒಂದೊಂದು ಜಾತಿ ಒಂದೊಂದು ಕಾಲದಲ್ಲಿ ನೀರಿನಲ್ಲಿ ಸೊಂಪಾಗಿ ಬೆಳೆಯುತ್ತದೆ, ನಮ್ಮಲ್ಲಿ ಮಾವು ಹಲಸು ಬಂದ ಹಾಗೆ.

ಕೇಯ್ ತಂಡ ಕೂಪರ್ ನೋಟುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟಿತು. ಆಸ್ಟೀರಿಯೊನೆಲ್ಲಾ ಅನ್ನುವ ಡಯಾಟಮ್ ಕಂಡಿತು. ಅದು ಕೊಲಂಬಿಯಾದಲ್ಲಿ ಹೆಚ್ಚುವುದು ಹಿಮ ಕರಗಿ ನೀರು ಏರುವ ಕಾಲದಲ್ಲಿ. ನವೆಂಬರ್‌ನಲ್ಲಿ ಅಲ್ಲ. ಕೂಪರ್ ಹಾರಿದ್ದು ನವೆಂಬರ್‌ನಲ್ಲಿ. ಅಂದರೆ ಅವನು ನದಿಗೆ ಬಿದ್ದು ಹಣವೂ ಆ ರಾತ್ರಿಯೇ ಮುಳುಗಿ, ಹಾಗೇ ಮರಳಿನಲ್ಲಿ ಹೂತುಹೋಯಿತು ಅನ್ನುವುದು ಕಷ್ಟ. ಹಾರಿದ ರಾತ್ರಿಗೂ ಹಣ ನೀರು ಕಂಡ ದಿನಕ್ಕೂ ನಡುವೆ ತಿಂಗಳುಗಳ ಅಂತರ ಇದೆ. ನೋಟಿನ ಮೇಲೆ ಬೇರೆ ಬೇರೆ ಕಾಲದ ಡಯಾಟಮ್‌ಗಳ ಕಲಸುಮೇಲೋಗರ ಕಾಣಲಿಲ್ಲ, ಒಂದೇ ಕಾಲದ್ದು ಕಂಡಿತು. ಹಾಗಾಗಿ ಹಣ ವರ್ಷಾನುಗಟ್ಟಲೆ ನೀರಿನಲ್ಲಿ ತೇಲಾಡಿರಲಿಕ್ಕಿಲ್ಲ.

ಒಂದು ಎಚ್ಚರಿಕೆ. ಡಯಾಟಮ್ ತಿಂಗಳು ಹೇಳುತ್ತದೆ, ವರ್ಷ ಹೇಳಲ್ಲ. 1972ರ ಮೇ ತಿಂಗಳೂ ಆಗಬಹುದು, 1979ರದ್ದೂ ಆಗಬಹುದು. ಮರಳಿನ ಜಗಳವನ್ನು ಅದು ಬಗೆಹರಿಸಿತು ಅಂತ ಬರೆದವರು ಅಧ್ಯಯನವನ್ನು ಸರಿಯಾಗಿ ಓದಿಲ್ಲ. ಇನ್ನೊಂದು ಆಕ್ಷೇಪವೂ ನ್ಯಾಯವಾದದ್ದೇ. ಕೆಲವೇ ಅಂಗುಲ ಆಳದಲ್ಲಿದ್ದ ಹಣದ ಮೇಲೆ ವರ್ಷವರ್ಷ ನೀರು ಏರುತ್ತಿತ್ತಲ್ಲ, ಮರಳಿನ ಮೂಲಕ ಡಯಾಟಮ್ ಇಳಿದಿರಬಾರದೇ? ಮರಳು ಸೋಸುವ ಜರಡಿಯಂತೆ ಕೆಲಸ ಮಾಡುತ್ತದೆ, ನೋಟುಗಳ ನಡುವೆ ಸೇರಲು ಕಟ್ಟು ನೀರಿನಲ್ಲಿ ಬಿಡಿಸಿಕೊಂಡಿರಬೇಕು ಅನ್ನುವುದು ಇದಕ್ಕೆ ಸಿಗುವ ಉತ್ತರ. ನನಗೆ ಅದು ಒಪ್ಪುವಂತಿದೆ.

ನಮ್ಮ ಪೇಪರ್‌ಗಳಲ್ಲಿ 'ಡಯಾಟಮ್ ಪರೀಕ್ಷೆ' ಅಂತ ಬರುತ್ತದಲ್ಲ, ಅದೇನಾ ಇದು?

ಜೀವಿ ಅದೇ, ಪ್ರಶ್ನೆ ಬೇರೆ. ನಮ್ಮಲ್ಲಿ ಕೆರೆ, ಹೊಳೆಯಲ್ಲಿ ಶವ ಸಿಕ್ಕಾಗ, ನೀರಿಗೆ ಬಿದ್ದಾಗ ಜೀವ ಇತ್ತಾ ಅಂತ ತಿಳಿಯಲು ಆ ಪರೀಕ್ಷೆ ಮಾಡುತ್ತಾರೆ. ಉಸಿರಿನ ಜೊತೆ ಒಳಗೆ ಹೋದ ನೀರಿನಿಂದ ಡಯಾಟಮ್ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆ ತನಕ ತಲುಪುತ್ತದೆ ಅನ್ನುವುದು ಅದರ ತರ್ಕ. ಅದರ ಬಗ್ಗೆಯೂ ತಜ್ಞರಲ್ಲಿ ಒಮ್ಮತವಿಲ್ಲ. ಟೀನಾ ಬಾರ್‌ನಲ್ಲಿ ಕೇಳಿದ್ದು 'ಜೀವ ಇತ್ತಾ' ಅಂತ ಅಲ್ಲ, 'ಯಾವ ಕಾಲ' ಅಂತ.

ಹಣ ಅಲ್ಲಿಗೆ ಬಂದ ದಾರಿ ಯಾವುದು?

ಮೊದಲು ಪೊಲೀಸರು ಹುಡುಕಿದ್ದು ಏರಿಯಲ್ ಎಂಬ ಸಣ್ಣ ಊರು ಮತ್ತು ಮರ್ವಿನ್ ಜಲಾಶಯದ ಸುತ್ತ. ಆ ಕಡೆಯ ನೀರು ಲೂಯಿಸ್ ನದಿಗೆ ಹೋಗುತ್ತದೆ. ಲೂಯಿಸ್ ನದಿ ಕೊಲಂಬಿಯಾಕ್ಕೆ ಸೇರುವುದು ಟೀನಾ ಬಾರ್ ದಾಟಿದ ಮೇಲೆ. ಹಣ ಪ್ರವಾಹದ ಎದುರು ಈಜಿಕೊಂಡು ಬರಲ್ಲ. ನೋಟು ಸಿಕ್ಕ ದಿನವೇ ಆ ಲೆಕ್ಕಾಚಾರ ತಲೆಕೆಳಗಾಯಿತು.

ಬಹಳ ವರ್ಷ ಕೇಸ್ ನೋಡಿಕೊಂಡ ಎಫ್‌ಬಿಐ ಅಧಿಕಾರಿ ರಾಲ್ಫ್ ಹಿಮ್ಮೆಲ್ಸ್‌ಬಾಕ್ ವಾಶೂಗಲ್ ನದಿಯ ಕಡೆ ಬೆರಳು ತೋರಿಸಿದರು. ಅದು ಮೇಲಿನಿಂದ ಬಂದು ಸೇರುತ್ತದೆ, ಆದ್ದರಿಂದ ದಿಕ್ಕು ಸರಿ. ಆದರೆ ಆಗ ವಿಮಾನದ ದಾರಿಯನ್ನು ಪೂರ್ವಕ್ಕೆ ಸರಿಸಬೇಕು. ಮತ್ತೆ ರಬ್ಬರ್ ಬ್ಯಾಂಡ್ ಅಡ್ಡ ಬರುತ್ತದೆ. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಬೇರೆ ಬೇರೆಯಾದ ಮೂರು ಕಟ್ಟು ಅಷ್ಟು ದೂರ ಹರಿದುಬಂದು ಒಂದೇ ಕಡೆ ಹೇಗೆ ನಿಂತವು? ಚೀಲದಲ್ಲೇ ಬಂದು ಆಮೇಲೆ ಚೀಲ ಕೊಳೆತಿರಬಹುದು. ಚೀಲ ಮಾತ್ರ ಸಿಕ್ಕಿಲ್ಲ.

ಯಾರೋ ಕೈಯಾರೆ ಹೂತಿಟ್ಟಿರಬಹುದಲ್ವಾ?

ಇರಬಹುದು. ಮೂರು ಕಟ್ಟು ಒಟ್ಟಿಗೆ ಇದ್ದಿದ್ದಕ್ಕೆ ಇದು ಸಲೀಸು ಉತ್ತರ. ಆದರೆ ನೀರೇರುವ ದಡದಲ್ಲಿ, ನೀರಿನ ಅಂಚಿಗೆ, ಅಂಗೈ ಆಳದಲ್ಲಿ ಹಣ ಹೂಳುವವರು ಯಾರು? ಒಣಗಿದ ನೆಲದಲ್ಲಿ ಹೂತಿದ್ದರೆ ನೋಟಿನ ನಡುವೆ ಡಯಾಟಮ್ ಹೇಗೆ ಸೇರಿತು ಅನ್ನುವುದಕ್ಕೂ ಉತ್ತರ ಬೇಕು.

ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಾಕ್ಷ್ಯ ಅಳಿಸಿತು ಅಂತಾರೆ?

ಟೀನಾ ಬಾರ್ ಮಟ್ಟಿಗೆ ಸುಳ್ಳು. ಅದು ಸಿಡಿದಿದ್ದು 1980ರ ಮೇ 18ರಂದು, ಹಣ ಸಿಕ್ಕಿ ಮೂರು ತಿಂಗಳಾದ ಮೇಲೆ. ಕೆಸರಿನ ದೊಡ್ಡ ಪ್ರವಾಹ ಕೌಲಿಟ್ಜ್ ನದಿಯ ಮೂಲಕ ಕೊಲಂಬಿಯಾಕ್ಕೆ ಬಂತು. ಅದೂ ಟೀನಾ ಬಾರ್‌ಗಿಂತ ಕೆಳಗಡೆ.

ಈಗ ಮತ್ತೆ ಅಗೆದು ನೋಡಿದರೆ ಗೊತ್ತಾಗಲ್ವಾ?

ಗೊತ್ತಾಗುವುದು ಈಗಿನ ಮರಳಿನ ವಿಷಯ ಮಾತ್ರ. 1980ರ ದಡ ಈಗಿಲ್ಲ. ಅಷ್ಟು ವರ್ಷದ ನೀರು, ಅಲೆ ಅದನ್ನು ಕೊರೆದುಹಾಕಿವೆ. ಬೆಟ್ಟದ ಮೇಲಿನ ಪದರ ನಾಳೆಯೂ ಅಲ್ಲೇ ಇರುತ್ತದೆ, ನದಿ ದಂಡೆಯ ಪದರಕ್ಕೆ ಒಂದೇ ಸಲ ಓದುವ ಅವಕಾಶ. ನನ್ನ ನಿಜವಾದ ಕೊರಗು ಇದೇ. ಮೊದಲು ಹುಡುಗನ ಕೈ, ಆಮೇಲೆ ಸಲಿಕೆ, ಆಮೇಲೆ ಯಂತ್ರ, ಅದಾದ ಮೇಲೆ ಭೂವಿಜ್ಞಾನಿ. ಹುಡುಗನದು ತಪ್ಪಲ್ಲ, ಅವನಿಗೇನು ಗೊತ್ತು. ಆದರೆ ಸಲಿಕೆಗಿಂತ ಮೊದಲು ಪದರ ಓದುವವರು ಬರಬೇಕಿತ್ತು.

ನೋಟಿನ ಮೇಲೂ ಇದೇ ಕಥೆ. ಅವು ಕಪ್ಪಾಗಿದ್ದು ನೋಡಿ ಜನ ಏನೇನೋ ಊಹಿಸಿದರು. ಕೇಯ್ ತಂಡ ನೋಡಿದಾಗ ಅದರಲ್ಲಿ ಬೆಳ್ಳಿ ಕಂಡಿತು. ಬೆರಳಚ್ಚು ಹುಡುಕಲು ಪ್ರಯೋಗಾಲಯದವರು ಹಚ್ಚಿದ ಸಿಲ್ವರ್ ನೈಟ್ರೇಟ್‌ನದು!

ಕೊನೆಗೆ ನೀವು ಯಾರ ಕಡೆ?

ಪಾಮರ್ ಮರಳನ್ನು ಸರಿಯಾಗಿಯೇ ನೋಡಿದರು, ಉಂಡೆಗೆ ಇಸವಿ ಹಚ್ಚುವಾಗ ಅವಸರ ಮಾಡಿದರು ಅಂತ ನನ್ನ ಅನಿಸಿಕೆ. ಗುಂಡಿಯ ಗೋಡೆಯಲ್ಲಿ 1974 ಅಂತ ಬರೆದಿರಲಿಲ್ಲ. ಅದು ಹೂಳೆತ್ತಿದ ದಾಖಲೆಯಿಂದ ಬಂದ ಇಸವಿ. ಆ ಹೊಂದಾಣಿಕೆ ಬಿಟ್ಟರೆ ರಬ್ಬರ್ ಬ್ಯಾಂಡ್ ಮತ್ತು ಡಯಾಟಮ್ ಒಂದೇ ದಾರಿ ಹಿಡಿಯುತ್ತವೆ: ಹಾರಿದ ಕೆಲವು ತಿಂಗಳಿಗೆ, ನೀರು ಏರುವ ಕಾಲದಲ್ಲಿ ಹಣ ನದಿಗೆ ಸೇರಿ, ಬೇಗ ಮರಳು ಕವಿದುಕೊಂಡಿದೆ. ಆದರೆ ಕೆಲವು ಅಂಗುಲ ಮರಳು ಅಷ್ಟು ವರ್ಷ ಅಲುಗಾಡದೆ ಹೇಗೆ ಉಳಿಯಿತು ಅಂತ ಕೇಳಿದರೆ ನನ್ನ ಬಳಿಯೂ ಒಳ್ಳೆ ಉತ್ತರ ಇಲ್ಲ. ಪಾಮರ್ ಪರ ಇರುವವರ ಬಲವಾದ ಪ್ರಶ್ನೆ ಅದು.

ಕೋರ್ಟಿನಲ್ಲಿ ಇದರ ತೀರ್ಮಾನ ಆಗಲಿಲ್ಲವೇ?

ಆರೋಪಿಯೇ ಸಿಗದಿದ್ದ ಮೇಲೆ ವಿಚಾರಣೆ ಎಲ್ಲಿ? ಮೊಕದ್ದಮೆ ಹೂಡುವ ಗಡುವು ಮೀರಬಾರದು ಅಂತ 1976ರಲ್ಲಿ ಪೋರ್ಟ್‌ಲ್ಯಾಂಡ್‌ನ ಗ್ರಾಂಡ್ ಜ್ಯೂರಿ (ಮೊಕದ್ದಮೆ ಹೂಡಬಹುದೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಹೆಸರಿಲ್ಲದ ಆರೋಪಿಯ ಮೇಲೆ ದೋಷಾರೋಪ ಹೊರಿಸಿತು, ಅಷ್ಟೇ. ಮರಳಿನ ತಜ್ಞರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವ ದಿನ ಬರಲೇ ಇಲ್ಲ. ಬಂದಿದ್ದರೆ ಆ ಉಂಡೆಗಳ ಬಗ್ಗೆ ಮೊದಲ ವರ್ಷವೇ ಯಾರಾದರೂ ಕೇಳುತ್ತಿದ್ದರೋ ಏನೋ.

ಆ ನೋಟುಗಳು ಈಗ ಎಲ್ಲಿವೆ?

1986ರಲ್ಲಿ ಅವನ್ನು ಹುಡುಗ ಮತ್ತು ವಿಮಾನ ಸಂಸ್ಥೆಗೆ ವಿಮೆ ಕೊಟ್ಟಿದ್ದ ಕಂಪನಿಯ ನಡುವೆ ಹಂಚಿದರು. 14 ನೋಟು ಸಾಕ್ಷ್ಯಕ್ಕೆ ಅಂತ ಎಫ್‌ಬಿಐ ಇಟ್ಟುಕೊಂಡಿತು. ಬೆಳೆದು ದೊಡ್ಡವನಾದ ಆ ಹುಡುಗ 2008ರಲ್ಲಿ ತನ್ನ ಪಾಲಿನ 15 ನೋಟು ಹರಾಜಿಗಿಟ್ಟ. ಮುಖಬೆಲೆ ಲೆಕ್ಕದಲ್ಲಿ 300 ಡಾಲರ್. ಬಂದಿದ್ದು 37 ಸಾವಿರ ಡಾಲರ್ ಹತ್ತಿರ. ಎಫ್‌ಬಿಐ 2016ರ ಜುಲೈನಲ್ಲಿ ತನಿಖೆ ನಿಲ್ಲಿಸಿತು. ಪ್ಯಾರಾಚೂಟ್ ಅಥವಾ ಉಳಿದ ಹಣ ಸಿಕ್ಕರೆ ಮಾತ್ರ ತಂದು ತೋರಿಸಿ ಅಂದಿದೆ.